ಮಧುಮೇಹಿಗಳ ಪಾದಗಳ ಆರೈಕೆ: ದಂಪತಿಗಳಿಗೊಂದು ಪಾಠ



ದೇಹದ ಭಾರವನ್ನೆಲ್ಲ ಹೊತ್ತು ಮುಂಜಾನೆಯಿಂದ ರಾತ್ರಿಯವರೆಗೆ ದುಡಿಯುವ ಅಂಗಗಳೆಂದರೆ ಪಾದಗಳು. ಹೊಲಕ್ಕೆ ಹೋಗುವುದಕ್ಕೂ, ನೀರು ತರುವುದಕ್ಕೂ, ಸಂತೆಗೆ ನಡೆಯುವುದಕ್ಕೂ, ದೇವರ ದರ್ಶನಕ್ಕೂ ಅವೇ ಬೇಕು. ಆದರೂ ನಾವು ಮುಖವನ್ನು ಪ್ರತಿದಿನವೂ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇವೆಯೇ ಹೊರತು ಅಂಗಾಲನ್ನು ವರ್ಷಕ್ಕೊಮ್ಮೆಯೂ ತಿರುಗಿಸಿ ನೋಡುವುದಿಲ್ಲ. ಆರೋಗ್ಯವಂತರಿಗೆ ಇದರಿಂದ ಹೆಚ್ಚಿನ ಹಾನಿಯಾಗದು. ಪಾದಕ್ಕೆ ಮುಳ್ಳು ಚುಚ್ಚಿದರೆ ನೋವೇ ಅವರನ್ನು ಕೂಗಿ ಎಚ್ಚರಿಸುತ್ತದೆ. ಮಧುಮೇಹಿಗಳ, ಅಂದರೆ ಸಕ್ಕರೆ ಕಾಯಿಲೆಯವರ, ಸ್ಥಿತಿ ಹಾಗಲ್ಲ. ಅವರಲ್ಲಿ ಅನೇಕರ ಪಾದಗಳು ಕೂಗುವ ಶಕ್ತಿಯನ್ನೇ ಕಳೆದುಕೊಂಡಿರುತ್ತವೆ. ಆಗ ನೋವು ಮಾಡಬೇಕಾದ ಕೆಲಸವನ್ನು ಕಣ್ಣು ಮಾಡಬೇಕಾಗುತ್ತದೆ. ತನ್ನ ಕಣ್ಣಿಗೆ ಎಟುಕದ ಕಡೆಯಲ್ಲಿ ಬಾಳಸಂಗಾತಿಯ ಕಣ್ಣು ನೆರವಿಗೆ ಬರಬೇಕಾಗುತ್ತದೆ. ಈ ಪಾಠದ ಸಾರವು ಇಷ್ಟೇ.

ನೋವು ಏಕೆ ಮಾಯವಾಗುತ್ತದೆ?

ರಕ್ತದಲ್ಲಿ ಸಕ್ಕರೆಯ ಅಂಶವು ವರ್ಷಾನುಗಟ್ಟಲೆ ಮಿತಿಮೀರಿದ್ದರೆ ಅದು ನರಗಳನ್ನು ನಿಧಾನವಾಗಿ ಕೆಡಿಸುತ್ತದೆ. ದೇಹದ ನರಗಳಲ್ಲಿ ಬಹಳ ಉದ್ದವಾದವು ಸೊಂಟದಿಂದ ಕಾಲ್ಬೆರಳಿನ ತುದಿಯವರೆಗೆ ಇಳಿದಿರುವ ನರಗಳು. ಆದುದರಿಂದ ಕೇಡು ಸಾಮಾನ್ಯವಾಗಿ ಕಾಲ್ಬೆರಳುಗಳಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಆರಂಭದಲ್ಲಿ ಜುಮ್ಮೆನ್ನುವುದು, ಉರಿಯುವುದು, ಇರುವೆ ಹರಿದಂತಾಗುವುದು, ಹತ್ತಿಯ ಮೇಲೆ ನಡೆದಂತೆ ಭಾಸವಾಗುವುದು ಉಂಟು. ಬರಬರುತ್ತ ಉರಿಯೂ ಅಡಗಿ ಪಾದವು ಮರಗಟ್ಟುತ್ತದೆ. ಉರಿ ಹೋಯಿತೆಂದು ಕೆಲವರು ಸಂತೋಷಪಡುತ್ತಾರೆ. ಚಿಕಿತ್ಸೆಯಿಲ್ಲದೆ ಉರಿ ಅಡಗಿ ಮರಗಟ್ಟುವಿಕೆ ಬಂದಿದ್ದರೆ ಅದು ಗುಣವಲ್ಲ. ನರವು ಇನ್ನಷ್ಟು ಕೆಟ್ಟಿತೆಂಬುದರ ಸೂಚನೆ. ಇನ್ನು ಕೆಲವರಲ್ಲಿ ಉರಿ, ಜೋಮು ಯಾವುದೂ ಇಲ್ಲದೆಯೇ ಸ್ಪರ್ಶಜ್ಞಾನವು ಸದ್ದಿಲ್ಲದೆ ಅಳಿದುಹೋಗುತ್ತದೆ.

ಇದರ ಜೊತೆಗೆ ಇನ್ನೆರಡು ತೊಂದರೆಗಳು ಸೇರಿಕೊಳ್ಳುತ್ತವೆ. ಒಂದನೆಯದಾಗಿ, ಕಾಲಿನ ರಕ್ತನಾಳಗಳು ಕಿರಿದಾಗಿ ಪಾದಕ್ಕೆ ಹರಿಯುವ ರಕ್ತವು ಕಡಿಮೆಯಾಗಬಹುದು. ರಕ್ತ ಸಾಲದ ಕಡೆ ಗಾಯ ಮಾಯುವುದು ಕಷ್ಟ. ಎರಡನೆಯದಾಗಿ, ಸಕ್ಕರೆ ಹೆಚ್ಚಿರುವ ದೇಹದಲ್ಲಿ ರೋಗಾಣುಗಳನ್ನು ಎದುರಿಸುವ ಶಕ್ತಿ ಕುಗ್ಗಿರುತ್ತದೆ. ನೋವಿಲ್ಲದ ಗಾಯ, ರಕ್ತ ಸಾಲದ ಪಾದ, ಹಬ್ಬುವ ನಂಜು ಈ ಮೂರೂ ಒಂದುಗೂಡಿದಾಗ ಸಣ್ಣ ಗಾಯವು ಕಾಲನ್ನೇ ನುಂಗಿಬಿಡಬಲ್ಲದು.

ಒಂದು ಮುಳ್ಳಿನ ಕಥೆ

ಒಬ್ಬ ರೈತನನ್ನು ಊಹಿಸಿಕೊಳ್ಳಿ. ಅವನಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಗುಳಿಗೆಯನ್ನು ನೆನಪಾದಾಗ ನುಂಗುತ್ತಾನೆ. ಒಂದು ಸಂಜೆ ಬದುವಿನ ಮೇಲೆ ಬರುವಾಗ ಜಾಲಿಮುಳ್ಳೊಂದು ಸವೆದ ಚಪ್ಪಲಿಯನ್ನು ತೂರಿ ಅಂಗಾಲಿಗೆ ಇಳಿಯಿತು. ಅವನಿಗೆ ತಿಳಿಯಲೇ ಇಲ್ಲ. ಮುಳ್ಳು ಮುರಿದು ಒಳಗೇ ಉಳಿಯಿತು. ಮೂರು ದಿನ ಅದರ ಮೇಲೆಯೇ ನಡೆದನು. ನಾಲ್ಕನೆಯ ದಿನ ನೆಲದ ಮೇಲೆ ಒದ್ದೆಯ ಗುರುತು ಕಂಡು ಹೆಂಡತಿ ಕೇಳಿದಳು. "ನೋವಿಲ್ಲವಲ್ಲ, ಏನೂ ಆಗಿಲ್ಲ" ಎಂದು ಉತ್ತರಿಸಿದನು. ಅರಿಸಿನ ಮೆತ್ತಿ ಬಟ್ಟೆ ಕಟ್ಟಿ ಮತ್ತೆ ಹೊಲಕ್ಕೆ ಹೋದನು. ಎರಡು ವಾರ ಕಳೆಯುವಷ್ಟರಲ್ಲಿ ಪಾದ ಊದಿತು, ದುರ್ವಾಸನೆ ಬಂತು, ಚಳಿಜ್ವರ ಕಾಣಿಸಿತು. ಆಸ್ಪತ್ರೆಗೆ ಒಯ್ದಾಗ ಬೆರಳು ಕಪ್ಪಾಗಿತ್ತು. ವೈದ್ಯರು ಮೊದಲು ಬೆರಳನ್ನೂ ಅನಂತರ ಪಾದವನ್ನೂ ತೆಗೆಯಬೇಕಾಯಿತು.

ಇಂಥ ಸಂಸಾರದ ಮುಂದಿನ ದಿನಗಳನ್ನು ಯೋಚಿಸಿ ನೋಡಿ. ನೇಗಿಲು ಹಿಡಿಯುವವರು ಯಾರು? ಆಸ್ಪತ್ರೆಯ ಓಡಾಟಕ್ಕೆ ಎತ್ತು ಮಾರಬೇಕಾಗಬಹುದು; ಓದುವ ಮಗನು ಶಾಲೆ ಬಿಡಬೇಕಾಗಬಹುದು. ಮುಳ್ಳು ಚುಚ್ಚಿದ ಆ ರಾತ್ರಿಯೇ ದೀಪದ ಬೆಳಕಿನಲ್ಲಿ ಒಮ್ಮೆ ಅಂಗಾಲನ್ನು ನೋಡಿದ್ದರೆ ಇಷ್ಟೆಲ್ಲವೂ ತಪ್ಪುವ ಸಂಭವವಿತ್ತು. "ನೋವಿಲ್ಲ, ಆದುದರಿಂದ ಅಪಾಯವಿಲ್ಲ" ಎಂಬ ಮಾತು ಮಧುಮೇಹಿಯ ಪಾಲಿಗೆ ಸಲ್ಲದು. ನೋವಿಲ್ಲದಿರುವುದೇ ಅವನ ಅಪಾಯ.

ನೋವಿನ ಬೆಲೆಯನ್ನು ತಿಳಿಸಿದ ವೈದ್ಯರು

ಈ ಸತ್ಯವನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರಲ್ಲಿ ಪ್ರಮುಖರು ಡಾಕ್ಟರ್ ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಹುಟ್ಟಿದ ಅವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದು ಕುಷ್ಠರೋಗಿಗಳ ಸೇವೆಯಲ್ಲಿ ತೊಡಗಿದರು. ಕುಷ್ಠದಲ್ಲಿ ಮಾಂಸವು ತಾನಾಗಿಯೇ ಕೊಳೆತು ಬೆರಳುಗಳು ಉದುರುತ್ತವೆಂದು ಅಂದಿನ ಜನ ನಂಬಿದ್ದರು. ಆದರೆ ರೋಗವು ನರಗಳನ್ನು ಕೆಡಿಸಿ ನೋವನ್ನು ಅಳಿಸುವುದರಿಂದಲೇ, ಗೊತ್ತಿಲ್ಲದೆ ಆಗುವ ಗಾಯ, ಸುಟ್ಟಗಾಯ ಮತ್ತು ನಂಜಿನಿಂದಲೇ ಬೆರಳುಗಳು ಹಾಳಾಗುತ್ತವೆ ಎಂದು ಅವರು ಕಂಡುಕೊಂಡರು. ಕೆಲವರ ಬೆರಳುಗಳನ್ನು ರಾತ್ರಿ ನಿದ್ರೆಯಲ್ಲಿದ್ದಾಗ ಇಲಿಗಳು ಕಡಿದಿದ್ದರೂ ಅವರಿಗೆ ಎಚ್ಚರವಾಗಿರಲಿಲ್ಲ. ಇದನ್ನು ಅರಿತ ಮೇಲೆ ರೋಗಿಗಳಿಗೆ ಬೆಕ್ಕುಗಳನ್ನು ಸಾಕಲು ಕೊಡಲಾಯಿತು. ಮೆತ್ತನೆಯ ರಬ್ಬರಿನ ಅಟ್ಟೆಯುಳ್ಳ ಚಪ್ಪಲಿಗಳನ್ನೂ ಅವರಿಗಾಗಿ ರೂಪಿಸಲಾಯಿತು.

ಮಧುಮೇಹವು ಕುಷ್ಠವಲ್ಲ, ಅದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವೂ ಅಲ್ಲ. ಆದರೆ ಸ್ಪರ್ಶವಳಿದ ಪಾದದ ಕಥೆ ಎರಡರಲ್ಲಿಯೂ ಒಂದೇ. ಬ್ರ್ಯಾಂಡ್ ಅವರು ಮುಂದೆ ಅಮೆರಿಕದಲ್ಲಿ ಇದೇ ತಿಳಿವನ್ನು ಮಧುಮೇಹಿಗಳ ಪಾದರಕ್ಷಣೆಗೂ ಅನ್ವಯಿಸಿದರು. ಇಲಿಯ ಮಾತಂತೂ ನಮ್ಮ ಹಳ್ಳಿಗಳಿಗೆ ಇಂದಿಗೂ ಸಲ್ಲುತ್ತದೆ. ಕಾಳಿನ ಮೂಟೆಗಳ ಪಕ್ಕದಲ್ಲಿ ನೆಲದ ಮೇಲೆ ಮಲಗುವ ಮಧುಮೇಹಿಯು ಮಂಚದ ಮೇಲೆ ಮಲಗಿ, ಪಾದಗಳನ್ನು ಹೊದಿಕೆಯಿಂದ ಅಥವಾ ಸಡಿಲವಾದ ಕಾಲುಚೀಲದಿಂದ ಮುಚ್ಚಿಕೊಳ್ಳುವುದು ಲೇಸು.

ಮನೆಯಲ್ಲಿಯೇ ಮಾಡಬಹುದಾದ ಸ್ಪರ್ಶಪರೀಕ್ಷೆ

ಪಾದದಲ್ಲಿ ಸ್ಪರ್ಶಜ್ಞಾನವಿದೆಯೇ ಎಂಬುದನ್ನು ದಂಪತಿಗಳು ತಾವೇ ಪರೀಕ್ಷಿಸಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ರೂಪಿಸಿ 2011ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಯಾವ ಉಪಕರಣವೂ ಬೇಡ.

1. ಮಧುಮೇಹಿಯು ಪಾದಗಳನ್ನು ಬರಿದು ಮಾಡಿಕೊಂಡು, ಕಾಲು ಚಾಚಿ ಕುಳಿತು ಅಥವಾ ಮಲಗಿ ಕಣ್ಣು ಮುಚ್ಚಿಕೊಳ್ಳಬೇಕು.
2. ಸಂಗಾತಿಯು ತೋರುಬೆರಳಿನ ತುದಿಯಿಂದ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳುಗಳ ತುದಿಯನ್ನು ಹಗುರವಾಗಿ ಮುಟ್ಟಬೇಕು. ಎರಡೂ ಪಾದಗಳಲ್ಲಿ ಒಟ್ಟು ಆರು ಬೆರಳುಗಳು.
3. ಪ್ರತಿ ಸ್ಪರ್ಶವೂ ಒಂದೆರಡು ಸೆಕೆಂಡು ಮಾತ್ರ ಇರಲಿ. ಒತ್ತುವುದು, ತಟ್ಟುವುದು, ಕಚಗುಳಿಯಿಡುವುದು ಕೂಡದು. ಒಂದು ಬೆರಳನ್ನು ಎರಡನೆಯ ಬಾರಿ ಮುಟ್ಟಲೂ ಬಾರದು.
4. ಸ್ಪರ್ಶ ತಿಳಿದೊಡನೆ ಮಧುಮೇಹಿಯು "ಎಡ" ಅಥವಾ "ಬಲ" ಎಂದು ಹೇಳಬೇಕು.

ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ಸ್ಪರ್ಶ ತಿಳಿಯದಿದ್ದರೆ ಪಾದದ ಅರಿವು ಕುಂದಿದೆಯೆಂದು ಭಾವಿಸಿ ವೈದ್ಯಾಧಿಕಾರಿಗಳನ್ನು ಕಾಣಿರಿ. ಆರೂ ತಿಳಿದರೂ ವರ್ಷಕ್ಕೊಮ್ಮೆ ವೈದ್ಯರಿಂದ ಪಾದಗಳ ಪರೀಕ್ಷೆ ಆಗಲೇಬೇಕು. ಹತ್ತು ಗ್ರಾಂ ಒತ್ತಡ ನೀಡುವ ನೈಲಾನ್ ಎಳೆಯನ್ನು ಪಾದಕ್ಕೆ ತಾಗಿಸಿಯೂ, ಪಾದದ ನಾಡಿಯನ್ನು ಮುಟ್ಟಿಯೂ ಅವರು ನೋಡುತ್ತಾರೆ. ಅರಿವು ಕುಂದಿದವರು ಮೂರರಿಂದ ಆರು ತಿಂಗಳಿಗೊಮ್ಮೆ, ಹಿಂದೆ ಹುಣ್ಣಾಗಿದ್ದವರು ಒಂದರಿಂದ ಮೂರು ತಿಂಗಳಿಗೊಮ್ಮೆ ತೋರಿಸಿಕೊಳ್ಳತಕ್ಕದ್ದು.

ಪ್ರತಿರಾತ್ರಿಯ ಪಾದದರ್ಶನ

ರಾತ್ರಿಯ ಊಟವಾದ ಮೇಲೆ ಐದು ನಿಮಿಷಗಳನ್ನು ಈ ಕೆಲಸಕ್ಕೆ ಮೀಸಲಿಡಿ. ಕಾಲು ತೊಳೆದು ಒರೆಸಿ, ಒಳ್ಳೆಯ ಬೆಳಕಿನಲ್ಲಿ ಕುಳಿತು, ಪಾದದ ಮೇಲ್ಭಾಗ, ಅಂಗಾಲು, ಹಿಮ್ಮಡಿ ಮತ್ತು ಪ್ರತಿಯೊಂದು ಬೆರಳ ಸಂದನ್ನೂ ನೋಡಬೇಕು. ಗಾಯ, ಗುಳ್ಳೆ, ಬಿರುಕು, ಮುಳ್ಳು, ಕೆಂಪು, ಊತ, ಉಗುರಿನ ಬದಿಯ ಕೀವು, ಬೆರಳ ಸಂದಿನ ಬಿಳಿಚಿದ ಒದ್ದೆಚರ್ಮ, ಆಣಿಯಂತೆ ಗಟ್ಟಿಯಾದ ಚರ್ಮ ಇವುಗಳಲ್ಲಿ ಯಾವುದಾದರೂ ಇದೆಯೇ? ಅಂಗೈಯ ಹಿಂಬದಿಯನ್ನು ಎರಡೂ ಪಾದಗಳ ಮೇಲಿಟ್ಟು ಹೋಲಿಸಿರಿ. ಒಂದು ಪಾದ ಮತ್ತೊಂದಕ್ಕಿಂತ ಬಿಸಿಯಾಗಿದ್ದರೆ ಅದೂ ಎಚ್ಚರಿಕೆಯ ಗುರುತು.

ಬಹುಕಾಲದ ಮಧುಮೇಹಿಗಳಲ್ಲಿ ಕಣ್ಣಿನ ದೃಷ್ಟಿಯೂ ಮಂದವಾಗಿರಬಹುದು. ವಯಸ್ಸಾದವರಿಗೆ ಬಗ್ಗುವುದೂ ಕಷ್ಟ. ಆದುದರಿಂದಲೇ ಈ ಕೆಲಸವನ್ನು ಗಂಡಹೆಂಡಿರು ಕೂಡಿ ಮಾಡಬೇಕು. ಗಂಡನ ಪಾದವನ್ನು ಹೆಂಡತಿ ನೋಡುವುದು ನಮ್ಮಲ್ಲಿ ಸಹಜವಾಗಿ ನಡೆದೀತು. ಆದರೆ ಹೆಂಡತಿಯ ಕಾಲನ್ನು ಗಂಡನು ಮುಟ್ಟಬಹುದೇ ಎಂದು ಸಂಕೋಚಪಡುವವರು ಉಂಟು. ನಮ್ಮ ಅನೇಕ ಸಮುದಾಯಗಳ ಮದುವೆಯಲ್ಲಿ ವರನೇ ವಧುವಿನ ಪಾದ ಹಿಡಿದು ಕಾಲುಂಗುರ ತೊಡಿಸುತ್ತಾನಲ್ಲವೇ? ಅಂದು ಹತ್ತು ಜನರೆದುರು ಹಿಡಿದ ಪಾದವನ್ನು ಇಂದು ಮನೆಯೊಳಗೆ ಹಿಡಿದು ನೋಡುವುದರಲ್ಲಿ ಯಾವ ಕೀಳರಿಮೆಯೂ ಬೇಡ. ಮನೆಯೊಡತಿಯು ಎಲ್ಲರ ಆರೈಕೆ ಮುಗಿದ ಮೇಲೆಯೇ ತನ್ನ ಗಾಯದ ಮಾತೆತ್ತುವವಳು. ಎಷ್ಟೋ ಬಾರಿ ಎತ್ತುವುದೇ ಇಲ್ಲ. ಅವಳು ಹೇಳಲೆಂದು ಕಾಯದೆ ಗಂಡನೇ ಕೇಳಿ ನೋಡತಕ್ಕದ್ದು. ಒಂಟಿಯಾಗಿರುವವರು ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲನ್ನು ನೋಡಿಕೊಳ್ಳಬಹುದು.

ತೊಳೆಯುವುದು, ಎಣ್ಣೆ ಹಚ್ಚುವುದು, ಉಗುರು ಕತ್ತರಿಸುವುದು

ಪಾದಗಳನ್ನು ದಿನವೂ ಸಾಬೂನಿನಿಂದ ತೊಳೆಯಿರಿ. ನೀರು ಉಗುರುಬೆಚ್ಚಗಿದ್ದರೆ ಸಾಕು. ಅದರ ಬಿಸಿಯನ್ನು ಮರಗಟ್ಟಿದ ಪಾದದಿಂದ ಪರೀಕ್ಷಿಸಬಾರದು. ಮೊಣಕೈಯಿಂದ ಅಥವಾ ಸಂಗಾತಿಯ ಕೈಯಿಂದ ಪರೀಕ್ಷಿಸಬೇಕು. ಬಹಳ ಹೊತ್ತು ನೆನೆಸಿಡಬಾರದು. ತೊಳೆದ ಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಬೆರಳ ಸಂದುಗಳನ್ನು ವಿಶೇಷವಾಗಿ ಒಣಗಿಸಿರಿ. ಸಂದಿನ ತೇವವೇ ಕೆಸರುಹುಣ್ಣಿಗೆ ತವರು.

ನರ ಕೆಟ್ಟ ಪಾದದಲ್ಲಿ ಬೆವರು ಕಡಿಮೆಯಾಗಿ ಚರ್ಮ ಒಣಗುತ್ತದೆ, ಹಿಮ್ಮಡಿ ಒಡೆಯುತ್ತದೆ. ಆ ಬಿರುಕುಗಳೇ ರೋಗಾಣುಗಳಿಗೆ ಬಾಗಿಲು. ಆದುದರಿಂದ ತೊಳೆದೊರೆಸಿದ ಬಳಿಕ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಪಾದದ ಮೇಲೂ ಅಂಗಾಲಿಗೂ ಸವರಿರಿ. ಬೆರಳ ಸಂದಿಗೆ ಮಾತ್ರ ಬೇಡ.

ಉಗುರನ್ನು ನೇರವಾಗಿ ಕತ್ತರಿಸಬೇಕು. ಮೂಲೆಗಳನ್ನು ಆಳವಾಗಿ ಕೊರೆಯಬಾರದು. ಕುಡುಗೋಲು, ಬ್ಲೇಡು, ಚಾಕುಗಳನ್ನು ಬಳಸಬಾರದು. ಆಣಿ ಅಥವಾ ಗಟ್ಟಿಚರ್ಮವನ್ನು ಮನೆಯಲ್ಲಿ ಕೆತ್ತುವುದೂ, ಅಂಗಡಿಯಲ್ಲಿ ದೊರೆಯುವ ಆಣಿಪಟ್ಟಿ ಅಂಟಿಸುವುದೂ ಅಪಾಯಕರ. ಅವನ್ನು ಆಸ್ಪತ್ರೆಯಲ್ಲಿಯೇ ತೆಗೆಸಿಕೊಳ್ಳಬೇಕು.

ಪಾದರಕ್ಷೆ ಮತ್ತು ಕಾಲಿನ ಆಭರಣ

ಮಧುಮೇಹಿಯು ಮನೆಯ ಒಳಗೂ ಹೊರಗೂ ಬರಿಗಾಲಿನಲ್ಲಿ ನಡೆಯಬಾರದು. ಒಳಗಿನ ಬಳಕೆಗೆ ಬೇರೊಂದು ಶುದ್ಧ ಜೊತೆಯನ್ನು ಇಟ್ಟುಕೊಂಡರೆ ಮಡಿಮೈಲಿಗೆಯ ತೊಡಕೂ ಇರದು.

ಪಾದರಕ್ಷೆಯ ತಳವು ಮುಳ್ಳು ತೂರದಷ್ಟು ಗಟ್ಟಿಯಾಗಿಯೂ, ಪಾದ ತಾಗುವ ಒಳಪದರವು ಮೆತ್ತಗೂ ಇರಬೇಕು. ಮೇಲಿನ ಪಟ್ಟಿ ಅಗಲವಾಗಿದ್ದು ಹಿಂಬದಿಯಲ್ಲಿಯೂ ಪಟ್ಟಿಯಿರಲಿ. ಹೆಬ್ಬೆರಳ ಸಂದಿನಲ್ಲಿ ಹಿಡಿಯುವ ಹವಾಯಿ ಚಪ್ಪಲಿಯು ಮರಗಟ್ಟಿದ ಕಾಲಿನಿಂದ ಜಾರಿದರೂ ತಿಳಿಯುವುದಿಲ್ಲ. ಅದರ ಪಟ್ಟಿ ಸಂದನ್ನು ಉಜ್ಜಿ ಹುಣ್ಣು ಮಾಡುವುದೂ ಉಂಟು. ಕೊಳ್ಳುವಾಗ ಕಾಲಿನ ಅರಿವನ್ನು ನಂಬಬೇಡಿ. ಸ್ಪರ್ಶ ಕುಂದಿದವರಿಗೆ ಬಿಗಿಯಾದ ಚಪ್ಪಲಿಯೇ ಸರಿಯೆನಿಸುತ್ತದೆ. ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಸಿ, ಆ ಆಕಾರವನ್ನು ಚಪ್ಪಲಿಯ ಮೇಲಿಟ್ಟು ನೋಡಿರಿ. ಗೆರೆ ಹೊರಚಾಚಿದರೆ ಅದು ನಿಮ್ಮದಲ್ಲ. ಸಂಜೆಯ ವೇಳೆಗೆ ಪಾದ ಸ್ವಲ್ಪ ಊದುವುದರಿಂದ ಸಂಜೆಯೇ ಕೊಳ್ಳುವುದು ಒಳ್ಳೆಯದು. ಹೊಸದನ್ನು ಮೊದಲ ದಿನ ಅರ್ಧ ಗಂಟೆ ಮಾತ್ರ ಮೆಟ್ಟಿ, ಅನಂತರ ಪಾದದಲ್ಲಿ ಕೆಂಪು ಗುರುತು ಬಂದಿದೆಯೇ ಎಂದು ನೋಡಬೇಕು. ಪ್ರತಿಸಲ ಮೆಟ್ಟುವ ಮುನ್ನ ಕೊಡವಿ, ಒಳಗೆ ಕೈಯಾಡಿಸಿರಿ. ಕಲ್ಲು, ಮೊಳೆ, ಚೇಳು ಯಾವುದೂ ಅಡಗಿರಬಹುದು.

ಕೆಸರುಗದ್ದೆಗೆ ಇಳಿಯುವವರು ಹತ್ತಿಯ ಕಾಲುಚೀಲ ತೊಟ್ಟು ರಬ್ಬರಿನ ಗಂಬೂಟು ಧರಿಸಲಿ. ಕಾಲುಚೀಲ ಬಿಳಿಯದಾಗಿದ್ದರೆ ರಕ್ತವೋ ಕೀವೋ ಬಂದೊಡನೆ ಕಲೆ ಕಾಣುತ್ತದೆ. ಪಾದದಲ್ಲಿ ಹುಣ್ಣಿರುವವರು ಕೆಸರಿಗೆ ಇಳಿಯಲೇಬಾರದು.

ಕಾಲುಂಗುರವು ಬಿಗಿಯಾಗಿದ್ದರೆ ಬೆರಳಿನ ರಕ್ತಸಂಚಾರಕ್ಕೆ ಅಡ್ಡಿ; ಅದರ ಅಡಿಯ ತೇವದಲ್ಲಿ ಹುಣ್ಣೂ ಆಗಬಹುದು. ಅಕ್ಕಸಾಲಿಗನಿಂದ ಸಡಿಲ ಮಾಡಿಸಿಕೊಳ್ಳಿರಿ. ಬೆರಳು ಊದಿದಾಗ ತೆಗೆದಿಡುವುದೇ ಸರಿ. ಇದನ್ನು ಅಪಶಕುನವೆಂದು ಹೆಂಡತಿ ಅಳುಕಿದರೆ ಗಂಡನೇ ಮುಂದಾಗಿ ಧೈರ್ಯ ಹೇಳಬೇಕು.

ಬಿಸಿಯಿಂದ ದೂರ

ಸುಟ್ಟರೂ ತಿಳಿಯದ ಪಾದಕ್ಕೆ ಬೆಂಕಿ ಬಲು ದೊಡ್ಡ ಶತ್ರು. ಚಳಿಗಾಲದಲ್ಲಿ ಒಲೆಯ ಮುಂದೆ ಕಾಲು ಚಾಚಿ ಕಾಯಿಸುವುದು, ಬಿಸಿನೀರಿನ ಶೀಸೆಯನ್ನು ಪಾದಕ್ಕೆ ಒತ್ತಿಕೊಳ್ಳುವುದು, ಬಿಸಿ ಇಟ್ಟಿಗೆಯ ಶಾಖ ಕೊಡುವುದು ಇವೆಲ್ಲವನ್ನೂ ಬಿಡಬೇಕು. ಚಳಿಯಾದರೆ ಕಾಲುಚೀಲ ತೊಟ್ಟುಕೊಳ್ಳಿ. ಬೈಕಿನ ಹಿಂಬದಿಯಲ್ಲಿ ಕೂರುವಾಗ ಸೈಲೆನ್ಸರಿಗೆ ಕಾಲು ತಾಗದಂತೆ ನೋಡಿಕೊಳ್ಳಿ.

ದೇವಾಲಯಕ್ಕೆ ಹೋಗುವಾಗ ಕಲ್ಲುಹಾಸು ಕಾಯುವ ಮಧ್ಯಾಹ್ನವನ್ನು ಬಿಟ್ಟು ಬೆಳಗ್ಗೆ ಅಥವಾ ಸಂಜೆ ಹೋಗಿರಿ. ಅನುಮತಿಯಿರುವ ಕಡೆ ಕಾಲುಚೀಲ ತೊಟ್ಟಿರಿ. ಬರಿಗಾಲ ಪಾದಯಾತ್ರೆ, ಕೆಂಡ ಹಾಯುವ ಹರಕೆಗಳು ಮಧುಮೇಹಿಗಳಿಗೆ ಸಲ್ಲವು. ಹರಕೆಯನ್ನು ಅನ್ನದಾನ, ಸೇವೆ ಮುಂತಾದ ಬೇರೆ ರೂಪದಲ್ಲಿ ತೀರಿಸಬಹುದು. ಕಾಲು ಹೋದರೆ ಮುಂದಿನ ವರ್ಷದ ಜಾತ್ರೆಗೆ ನಡೆಯುವುದೆಂತು?

ಗಾಯವಾದರೆ ಮಾಡಬೇಕಾದುದು

ಗಾಯ ಎಷ್ಟೇ ಸಣ್ಣದಿರಲಿ, ಶುದ್ಧ ನೀರು ಮತ್ತು ಸಾಬೂನಿನಿಂದ ತೊಳೆದು, ಶುಭ್ರವಾದ ಒಣಬಟ್ಟೆಯಿಂದ ಮುಚ್ಚಿ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಅರಿಸಿನ, ಕಾಫಿಪುಡಿ, ಸುಣ್ಣ, ಬೂದಿ, ಸಗಣಿ, ಹೊಗೆಸೊಪ್ಪು, ಎಲೆಯ ರಸ ಮೊದಲಾದವನ್ನು ಮೆತ್ತಬಾರದು. ಅವು ಗಾಯವನ್ನು ವೈದ್ಯರ ಕಣ್ಣಿನಿಂದ ಮರೆಮಾಡುತ್ತವೆ. ಅವುಗಳಲ್ಲಿ ಕೆಲವು ರೋಗಾಣುಗಳನ್ನೂ ಒಳಸೇರಿಸುತ್ತವೆ. ಗುಳ್ಳೆಯನ್ನು ಒಡೆಯಬಾರದು. ಆಳವಾಗಿ ಮುರಿದುಕೊಂಡ ಮುಳ್ಳನ್ನು ಸೂಜಿಯಿಂದ ಕೆದಕಬಾರದು. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಿ ತಿಳಿಯಿರಿ.

ಗಾಯ ಮಾಯುವವರೆಗೆ ಆ ಪಾದದ ಮೇಲೆ ಭಾರ ಬೀಳಬಾರದು. ಔಷಧದಷ್ಟೇ ಈ ವಿಶ್ರಾಂತಿಯೂ ಮುಖ್ಯ. ನೋವಿಲ್ಲದ ಮಧುಮೇಹಿಯು ಸುಮ್ಮನೆ ಕೂರಲಾರನು. ಸುಗ್ಗಿಯ ಕಾಲವಾದರಂತೂ ಕೂರಿಸುವುದೇ ಕಷ್ಟ. ಆ ಕೆಲವು ವಾರ ಕೆಲಸವನ್ನು ಸಂಗಾತಿಯೂ ಮಕ್ಕಳೂ ನೆರೆಹೊರೆಯವರೂ ಹಂಚಿಕೊಂಡರೆ ಒಂದು ಕಾಲು ಉಳಿಯುತ್ತದೆ.

ಈ ಗುರುತುಗಳು ಕಂಡರೆ ಒಂದು ರಾತ್ರಿಯೂ ತಡಮಾಡದೆ ಆಸ್ಪತ್ರೆಗೆ ಧಾವಿಸಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿರಿ:

1. ಪಾದ ಊದಿ ಕೆಂಪಾಗಿರುವುದು, ಕೆಂಪು ಮೇಲಕ್ಕೆ ಹಬ್ಬುತ್ತಿರುವುದು.
2. ಕೀವು ಅಥವಾ ದುರ್ವಾಸನೆ.
3. ಬೆರಳು ಕಪ್ಪು ಅಥವಾ ನೀಲಿಯಾಗುವುದು, ಪಾದ ತಣ್ಣಗಾಗುವುದು.
4. ಗಾಯದೊಡನೆ ಜ್ವರ, ನಡುಕ, ವಾಂತಿ.
5. ಗಾಯವಿಲ್ಲದೆಯೂ ಒಂದೇ ಪಾದ ಬಿಸಿಯಾಗಿ ಊದಿಕೊಳ್ಳುವುದು.

ಈ ಕೊನೆಯದನ್ನು ಉಳುಕೆಂದು ತಿಳಿದು ನೀವಿಸುವವರು ಹಲವರು. ಮಧುಮೇಹಿಯ ಪಾದದ ಮೂಳೆಗಳು ನೋವಿಲ್ಲದೆಯೇ ಮುರಿದು ಕುಸಿಯುತ್ತಿರಬಹುದು. ನೀವುವುದು, ನಡೆಯುವುದು ಎರಡನ್ನೂ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಮೂಲವನ್ನು ಮರೆಯಬಾರದು

ಪಾದದ ಆರೈಕೆಯ ಬೇರು ರಕ್ತದ ಸಕ್ಕರೆಯ ಹತೋಟಿಯಲ್ಲಿದೆ. ಬಹುಮಂದಿ ವಯಸ್ಕರಿಗೆ ಬರಿಹೊಟ್ಟೆಯಲ್ಲಿ 80ರಿಂದ 130, ಊಟದ ಎರಡು ಗಂಟೆಯ ನಂತರ 180 ಮಿಲಿಗ್ರಾಂ ಮೀರದಂತಿರುವುದು ಗುರಿ. ನಿಮ್ಮ ಗುರಿಯನ್ನು ನಿಮ್ಮ ವೈದ್ಯರಿಂದ ತಿಳಿಯಿರಿ. ಗುಳಿಗೆ ಅಥವಾ ಇನ್ಸುಲಿನ್ ಅನ್ನು ತಾವಾಗಿಯೇ ನಿಲ್ಲಿಸಬಾರದು. ಬೀಡಿ ಸಿಗರೇಟುಗಳು ರಕ್ತನಾಳಗಳನ್ನು ಕಿರಿದಾಗಿಸುವುದರಿಂದ ಅವನ್ನು ಪೂರ್ಣವಾಗಿ ತ್ಯಜಿಸಬೇಕು. ರಾಷ್ಟ್ರೀಯ ಕಾರ್ಯಕ್ರಮವೊಂದು 2010ರಲ್ಲಿ ಆರಂಭವಾದಂದಿನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಮಧುಮೇಹ ಮುಂತಾದ ಅಸಾಂಕ್ರಾಮಿಕ ರೋಗಗಳ ತಪಾಸಣೆ ಮತ್ತು ಚಿಕಿತ್ಸೆಗೆ ಏರ್ಪಾಡಾಗಿದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಅಲ್ಲಿಗೆ ಹೋದಾಗ "ನನ್ನ ಪಾದಗಳನ್ನೂ ನೋಡಿ" ಎಂದು ಕೇಳಿ ಚಪ್ಪಲಿ ಬಿಚ್ಚಲು ಹಿಂಜರಿಯಬೇಡಿ.

ಪಾಠದ ಸಾರಾಂಶ

ನೋವಿಲ್ಲದ ಪಾದವನ್ನು ನಂಬಬೇಡಿ. ದಿನವೂ ಕಣ್ಣಿನಿಂದ ನೋಡಿ. ಬರಿಗಾಲಲ್ಲಿ ನಡೆಯಬೇಡಿ. ಬಿಸಿಯಿಂದ ದೂರವಿರಿ. ಗಾಯವಾದ ದಿನವೇ ಆಸ್ಪತ್ರೆಗೆ ಹೋಗಿ. ವರ್ಷಕ್ಕೊಮ್ಮೆಯಾದರೂ ಪಾದಗಳ ಪರೀಕ್ಷೆ ಮಾಡಿಸಿ.

ನಿಮ್ಮನ್ನು ನೀವೇ ಕೇಳಿಕೊಳ್ಳಿ

1. ಕಳೆದ ಒಂದು ವಾರದಲ್ಲಿ ನಿಮ್ಮ ಸಂಗಾತಿಯ ಅಂಗಾಲನ್ನು ನೀವು ನೋಡಿದ್ದೀರಾ?
2. ಸ್ಪರ್ಶಪರೀಕ್ಷೆಯಲ್ಲಿ ಮುಟ್ಟಬೇಕಾದ ಆರು ಬೆರಳುಗಳು ಯಾವುವು?
3. ಚಿಕಿತ್ಸೆಯಿಲ್ಲದೆ ಪಾದದ ಉರಿ ಅಡಗಿ ಮರಗಟ್ಟಿದರೆ ಸಂತೋಷಪಡಬಹುದೇ? ಏಕೆ?
4. ಗಾಯವಿಲ್ಲದೆ ಒಂದೇ ಪಾದ ಬಿಸಿಯಾಗಿ ಊದಿದರೆ ಏನು ಮಾಡುವಿರಿ?

ಮೊದಲನೆಯ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದಿದ್ದರೆ ಚಿಂತಿಸಬೇಡಿ. ಈ ರಾತ್ರಿಯೇ ಪ್ರಾರಂಭಿಸಿ. ದೀಪವನ್ನು ಹತ್ತಿರಕ್ಕೆ ತಂದು, ಎದುರುಬದುರು ಕುಳಿತು, ಒಬ್ಬರ ಪಾದವನ್ನು ಇನ್ನೊಬ್ಬರ ಮಡಿಲಿನಲ್ಲಿಡಿ. ಐದು ನಿಮಿಷ ಸಾಕು.